ಸರಿಗೆ ಬಲ, ಬೆಸಕ್ಕೆ ಎಡ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಜಗಳ. ನೆಟ್ಟಿನ ಆಚೆಗೊಬ್ಬ ಹುಡುಗ, ಈಚೆಗೊಬ್ಬಳು ಹುಡುಗಿ, ಇಬ್ಬರೂ ಎಂಟನೇ ಕ್ಲಾಸು. ‘ನಂದು ಎಂಟು’ ಅಂತ ಅವನು. ‘ಏಳೇ ಕಣೋ, ಸುಳ್ಳು ಹೇಳ್ಬೇಡ’ ಅಂತ ಇವಳು. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನನ್ನ ಮುಂದೆ ಪಂಚಾಯಿತಿ ಬಂತು: ‘ಅಂಕಲ್, ನೀವೇ ಹೇಳಿ.’

ನಾನು ಆಟ ನೋಡಿಯೇ ಇರಲಿಲ್ಲ. ಹುಡುಗನನ್ನು ಒಂದೇ ಮಾತು ಕೇಳಿದೆ: ‘ಈಗ ಗೆದ್ದೆಯಲ್ಲ, ಆ ಸರ್ವೀಸ್ ಯಾವ ಕಡೆಯಿಂದ ಹೊಡೆದೆ?’ ‘ಎಡಗಡೆಯಿಂದ’ ಎಂದ. ಹುಡುಗಿಯೂ ಹೌದೆಂದಳು. ಹಾಗಿದ್ದರೆ ಆಗ ಅವನ ಅಂಕ ಬೆಸಸಂಖ್ಯೆ, ಅಂದರೆ ಏಳು. ಗೆದ್ದ ಮೇಲೆ ಎಂಟು. ವ್ಯಾಜ್ಯ ಮುಗಿಯಿತು.

ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಶಟಲ್ ಆಟದ ಸೊಗಸೇ ಅದು: ಅಂಕ ಬಾಯಲ್ಲಷ್ಟೇ ಅಲ್ಲ, ಕಾಲಲ್ಲೂ ಇರುತ್ತದೆ. ಸರ್ವೀಸ್ ಮಾಡುವವರ ಅಂಕ ಸೊನ್ನೆ ಅಥವಾ ಸರಿಸಂಖ್ಯೆಯಾದರೆ ಬಲಗಡೆ ನಿಲ್ಲಬೇಕು, ಬೆಸವಾದರೆ ಎಡಗಡೆ. ಕಾಕ್ ಹೋಗಿ ಬೀಳಬೇಕಾದ್ದು ಎದುರಾಳಿಯ ಅಂಗಳದ ಓರೆಯ ಚೌಕಕ್ಕೆ. ಶಾಲೆಯ ಮಕ್ಕಳಿಗೆ ಸ್ಮ್ಯಾಷ್ ಕಲಿಸುವ ಮೊದಲು ಸ್ಕೋರ್ ಹೇಳುವುದನ್ನು ಕಲಿಸಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ. ಸ್ಕೋರ್ ಸರಿಯಾಗಿ ಕೂಗಬಲ್ಲ ಮಗುವಿಗೆ ಅರ್ಧ ನಿಯಮ ಬಂದಂತೆಯೇ.

ಮೊದಲು ಅಂಗಳ. ಉದ್ದ 13.40 ಮೀಟರ್. ಅಗಲ ಡಬಲ್ಸ್‌ಗೆ 6.10, ಸಿಂಗಲ್ಸ್‌ಗೆ 5.18. ನೆಟ್ಟು ಕಂಬದ ಹತ್ತಿರ 1.55 ಮೀಟರ್, ನಡುವೆ ಕೊಂಚ ಇಳಿದು 1.524. ನೆಟ್ಟಿನಿಂದ 1.98 ಮೀಟರ್ ದೂರದಲ್ಲೊಂದು ಗೆರೆ. ಸರ್ವೀಸ್ ಮಾಡಿದ ಕಾಕ್ ಅದಕ್ಕಿಂತ ಈಚೆಗೆ ಬಿದ್ದರೆ ತಪ್ಪು. ಹಿಂಬದಿಯಲ್ಲಿ ಎರಡು ಗೆರೆಗಳಿರುವುದನ್ನು ಕಂಡು ಮಕ್ಕಳು ಕಕ್ಕಾಬಿಕ್ಕಿಯಾಗುತ್ತಾರೆ. ಒಳಗಿನ ಗೆರೆ ಡಬಲ್ಸ್‌ನ ಸರ್ವೀಸಿಗೆ ಮಾತ್ರ. ಸರ್ವೀಸ್ ಮುಗಿದ ಕ್ಷಣದಿಂದ ಅದನ್ನು ಮರೆತುಬಿಡಬಹುದು.

ಗೆರೆಯ ವಿಷಯದಲ್ಲಿ ಇನ್ನೊಂದು ಗೊಂದಲ. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಗೆರೆ ಮುಟ್ಟಿದರೆ ಔಟ್ ಎಂಬುದು ಮೈಗೇ ಅಂಟಿದ ಪಾಠ. ಇಲ್ಲಿ ಕಾಕ್ ಗೆರೆಯ ಮೇಲೆ ಬಿದ್ದರೆ ಒಳಗೇ. ಆದರೆ ಸರ್ವೀಸ್ ಮಾಡುವವರ ಪಾದಕ್ಕೆ, ಎದುರಿಸುವವರ ಪಾದಕ್ಕೆ ಕುಂಟೆಬಿಲ್ಲೆಯ ಕಾನೂನೇ: ಗೆರೆ ತುಳಿಯುವಂತಿಲ್ಲ, ಸರ್ವೀಸ್ ಆಗುವ ತನಕ ಎರಡೂ ಪಾದ ನೆಲದಿಂದ ಕದಲುವಂತಿಲ್ಲ. ಸರ್ವೀಸ್ ಮಾಡುವಾಗ ಕಾಕಿನ ಬಿರಡೆಗೇ ಮೊದಲು ಪೆಟ್ಟು ಬೀಳಬೇಕು, ಗರಿಗಲ್ಲ. ಹೊಡೆಯುವಾಗ ಇಡೀ ಕಾಕ್ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕು. ಮೊದಲು ಸೊಂಟದ ಲೆಕ್ಕವಿತ್ತು. ಒಬ್ಬೊಬ್ಬರ ಸೊಂಟ ಒಂದೊಂದು ಎತ್ತರ, ಹಾಗಾಗಿ ತಕರಾರು ತಪ್ಪುತ್ತಿರಲಿಲ್ಲ. 2018ರಿಂದ ಅಳತೆ ಎಲ್ಲರಿಗೂ ಒಂದೇ ಆಯಿತು. ಟೆನಿಸ್ ನೋಡಿ ಬಂದವರು ನೆನಪಿಡಬೇಕಾದ್ದು: ಸರ್ವೀಸಿನಲ್ಲಿ ಕಾಕ್ ನೆಟ್ಟಿಗೆ ತಗುಲಿಯೂ ಸರಿಯಾದ ಚೌಕದಲ್ಲಿ ಬಿದ್ದರೆ ಅದು ಒಳ್ಳೆಯ ಸರ್ವೀಸೇ.

ಇನ್ನು ಲೆಕ್ಕ. ಮೂರು ಗೇಮು, ಎರಡು ಗೆದ್ದವರಿಗೆ ಪಂದ್ಯ. ಗೇಮಿಗೆ 21 ಅಂಕ. ಇಬ್ಬರೂ 20ಕ್ಕೆ ಬಂದು ನಿಂತರೆ ಎರಡು ಅಂಕ ಮುಂದೆ ಹೋಗಬೇಕು. ಹಾಗೆಯೇ ಎಳೆದಾಡಿ 29-29 ಆದರೆ 30 ಮುಟ್ಟಿದವರಿಗೆ ಗೇಮು. 11ಕ್ಕೆ ಒಂದು ನಿಮಿಷ ಬಿಡುವು. ಮೂರನೇ ಗೇಮಿನಲ್ಲಿ 11ಕ್ಕೆ ಅಂಗಳವೂ ಅದಲು ಬದಲು.

ಸರ್ವೀಸ್ ಯಾರದೇ ಇರಲಿ, ಕಾಕ್ ಒಮ್ಮೆ ಹಾರಿತೆಂದರೆ ಯಾರಿಗಾದರೂ ಒಂದು ಅಂಕ ಖಂಡಿತ. 2006ಕ್ಕೆ ಮುಂಚೆ ಹೀಗಿರಲಿಲ್ಲ. ಸರ್ವೀಸ್ ಕೈಲಿದ್ದವರಿಗೆ ಮಾತ್ರ ಅಂಕ. ಎದುರಾಳಿ ಗೆದ್ದರೆ ಸಿಗುತ್ತಿದ್ದುದು ಬರೀ ಸರ್ವೀಸ್. 1980ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ, ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್‌ರನ್ನು 15-3, 15-10ರಿಂದ ಸೋಲಿಸಿದರು. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮುಹೂರ್ತವಿಲ್ಲದ ದಿನಗಳಲ್ಲಿ ಆಡಿ ಪಳಗಿದ ಕೈ ಅದು. ಆ ‘3’ ನೋಡಿ ಕಿಂಗ್ ಮೂರೇ ಸಲ ಗೆದ್ದರೆಂದು ತಿಳಿಯಬೇಡಿ. ಪ್ರಕಾಶರ ಸರ್ವೀಸಿನಲ್ಲಿ ಕಿಂಗ್ ಗೆದ್ದದ್ದೆಲ್ಲ ಅಂಕಪಟ್ಟಿಗೆ ಏರಲೇ ಇಲ್ಲ.

ಈಗಿನ ಪಟ್ಟಿ ಏನನ್ನೂ ಮುಚ್ಚಿಡುವುದಿಲ್ಲ. 2017ರಲ್ಲಿ ಗ್ಲಾಸ್ಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ಪಿ.ವಿ. ಸಿಂಧು, ಜಪಾನಿನ ನೊಜೊಮಿ ಒಕುಹಾರಾಗೆ 19-21, 22-20, 20-22ರಿಂದ ಸೋತರು. ಕೂಡಿ ನೋಡಿ: ಸಿಂಧು 61, ಒಕುಹಾರಾ 63. 110 ನಿಮಿಷ, 124 ಸಲ ಕಾಕ್ ಏರಿ ಇಳಿದದ್ದು, ಕೊನೆಗೆ ಉಳಿದ ಅಂತರ ಎರಡು. ಎರಡನೇ ಗೇಮಿನ ಕೊನೆಯ ಅಂಕಕ್ಕೆ 73 ಹೊಡೆತ ಬೇಕಾಯಿತು. ಪಟ್ಟಿಯಲ್ಲಿ ಅದಕ್ಕೂ ಒಂದೇ ಅಂಕ.

ಮಕ್ಕಳು ಎಡವುವುದು ಡಬಲ್ಸ್‌ನಲ್ಲಿ. ಒಂದು ಲೆಕ್ಕ ಹಾಕೋಣ. ಎದುರಿನವರು 4, ನೀವು 3, ಸರ್ವೀಸ್ ಅವರದು. ನೀವು ಗೆದ್ದಿರಿ: 4-4, ಸರ್ವೀಸ್ ನಿಮಗೆ. ಯಾರೂ ಜಾಗ ಬದಲಿಸಬೇಡಿ. ನಿಮ್ಮ ಅಂಕ ಸರಿ, ಆದ್ದರಿಂದ ನಿಮ್ಮಿಬ್ಬರಲ್ಲಿ ಬಲಗಡೆ ಇರುವವರು ಸರ್ವೀಸ್ ಮಾಡಲಿ. ಮತ್ತೆ ಗೆದ್ದಿರಾ? 5-4. ಈಗ ನೀವಿಬ್ಬರೂ ಜಾಗ ಅದಲು ಬದಲು ಮಾಡಿಕೊಳ್ಳಿ. ಅದೇ ಕೈ ಎಡಗಡೆಯಿಂದ ಸರ್ವೀಸ್ ಮಾಡಲಿ. ಎದುರಿನವರು ನಿಂತಲ್ಲೇ ನಿಲ್ಲುತ್ತಾರೆ. ಸರ್ವೀಸ್ ಕೈಲಿದ್ದು ಗೆದ್ದವರು ಮಾತ್ರ ಜಾಗ ಬದಲಿಸಬೇಕು. ಡಬಲ್ಸ್‌ನ ಗುಟ್ಟು ಇಷ್ಟೇ.

ಸರ್ವೀಸಿಗೆ ಮುಂಚೆ ತನ್ನ ಅಂಕ ಮೊದಲು, ಎದುರಾಳಿಯದು ಆಮೇಲೆ ಎಂದು ಗಟ್ಟಿಯಾಗಿ ಹೇಳುವ ಅಭ್ಯಾಸವಾದರೆ ಪಾರ್ಕಿನ ಪಂಚಾಯಿತಿಗಳು ಅರ್ಧಕ್ಕರ್ಧ ಇಳಿಯುತ್ತವೆ. ಮಿಕ್ಕರ್ಧ? ಕಾಕ್ ಬ್ಯಾಟಿನ ಅಂಚಿಗೆ ಸವರಿತೇ, ಬ್ಯಾಟ್ ನೆಟ್ಟಿಗೆ ತಾಗಿತೇ, ಇದನ್ನು ಯಾವ ಸರಿ-ಬೆಸವೂ ಹೇಳಲಾರದು. ಅಂಪೈರ್ ಇಲ್ಲದ ಅಂಗಳದಲ್ಲಿ ಗೊತ್ತಿರುವುದು ಆಡುವವರಿಗೆ ಮಾತ್ರ.

ಭಾನುವಾರ ತೀರ್ಪಿನ ನಂತರ ಆಟ ಮುಂದುವರಿಯಿತು. ಹುಡುಗ 8-6 ಎಂದು ಕೂಗಿ ಬಲಗಡೆಯಿಂದ ಸರ್ವೀಸ್ ಮಾಡಿದ. ನಾಲ್ಕಾರು ಹೊಡೆತದ ಮೇಲೆ ಅವನ ಸ್ಮ್ಯಾಷ್ ಹಿಂಗೆರೆ ದಾಟಿ ಬಿತ್ತು. ನಾನೂ ಮನಸ್ಸಿನಲ್ಲಿ ಔಟ್ ಎಂದುಕೊಂಡೆ. ಹುಡುಗಿ ಕಾಕ್ ಎತ್ತಿಕೊಂಡು ಬಂದವಳು ಸರ್ವೀಸಿಗೆ ನಿಲ್ಲಲಿಲ್ಲ. ಅವನ ಕಡೆಗೇ ಎಸೆದಳು. ‘ನನ್ನ ಬ್ಯಾಟಿಗೆ ತಾಗ್ತು ಕಣೋ. ನಿಂದೇ.’

ಹುಡುಗ ಕಾಕ್ ಹಿಡಿದು, ‘ಒಂಬತ್ತು, ಆರು’ ಎಂದ. ಯಾರೂ ಹೇಳದೆಯೇ ಎಡಗಡೆಗೆ ಸರಿದು ನಿಂತ.