ಒಂದೇ ಲಿಪಿ, ಎರಡು ಭಾಷೆ: ಟ್ರೈಟನ್ನಿನ ಮಿತಿಗಳು

ಐಹೊಳೆಯ ಮೇಗುತಿಯಲ್ಲಿರುವ ಕ್ರಿ. ಶ. 634ರ ಶಾಸನದ ಲಿಪಿ ಹಳೆಯ ಕನ್ನಡದ್ದು, ಭಾಷೆ ಸಂಸ್ಕೃತ. ಲಿಪಿಯನ್ನು ಬಲ್ಲವನು ಅದರ ಅಕ್ಷರಗಳನ್ನು ಓದಿಯಾನು. ಅರ್ಥವನ್ನು ಅರಿಯಬೇಕಾದರೆ ಸಂಸ್ಕೃತವನ್ನೇ ಕಲಿತಿರಬೇಕು. ಲಿಪಿಯ ಪರಿಚಯವನ್ನು ಭಾಷೆಯ ಪರಿಚಯವೆಂದು ಭ್ರಮಿಸಬಾರದೆಂಬುದು ಶಾಸನಾಭ್ಯಾಸದ ಮೊದಲ ಪಾಠ. ಕಂಪ್ಯೂಟರಿನ ನೆರವಿನಿಂದ ಕಾಲಗಣನೆಯ ಪಟ್ಟಿಗಳನ್ನು ಪರಿಶೀಲಿಸಬಯಸುವ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದೇ ಪಾಠವನ್ನು ಇನ್ನೊಮ್ಮೆ ಹೇಳಬೇಕಾಗಿದೆ. ಟ್ರೈಟನ್ ಎಂಬ ಕಂಪ್ಯೂಟರ್ ಭಾಷೆಯನ್ನು ನಾವಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಕಾರಣದಿಂದ.

1991ರಲ್ಲಿ ಗೀಡೋ ವಾನ್ ರಾಸಮ್ ಪ್ರಕಟಿಸಿದ ಪೈಥಾನ್ ಭಾಷೆ ಕಲಿಯಲು ಸುಲಭ, ನಡೆಯಲ್ಲಿ ನಿಧಾನ. ಸಾವಿರಾರು ಲೆಕ್ಕಗಳನ್ನು ಏಕಕಾಲದಲ್ಲಿ ಮಾಡುವ ಜಿ.ಪಿ.ಯು. ಯಂತ್ರವು ವೇಗದಲ್ಲಿ ಅಸಮಾನವಾದರೂ ಅದನ್ನು ನಡೆಸುವ ಕುಡಾ ಮುಂತಾದ ಸಾಧನಗಳು ಪ್ರಯಾಸಕರ. ಇವೆರಡನ್ನು ಬೆಸೆಯುವುದೇ ಟ್ರೈಟನ್ನಿನ ಉದ್ದೇಶ. ಫಿಲಿಪ್ ಟಿಲೆ ಮತ್ತು ಸಂಗಡಿಗರು 2019ರಲ್ಲಿ ನಿರೂಪಿಸಿದ ಈ ಭಾಷೆಯನ್ನು 2021ರಲ್ಲಿ ಓಪನ್‌ಎಐ ಸಂಸ್ಥೆಯು ಪೈಥಾನಿನ ಒಡಲಲ್ಲಿ ನೆಲೆಗೊಳಿಸಿ ಹೊರತಂದಿತು. ಪೈಥಾನಿನಲ್ಲಿ ಬರೆದಂತೆ ತೋರುವ ಒಂದು ಭಾಗದ ನೆತ್ತಿಯ ಮೇಲೆ ಗುರುತೊಂದನ್ನು ಇಟ್ಟರೆ ಸಾಕು. ಆ ಭಾಗವನ್ನು ಪೈಥಾನ್ ನಡೆಸುವುದಿಲ್ಲ. ಟ್ರೈಟನ್ನಿನ ಕಂಪೈಲರ್ ಅದರ ಪಠ್ಯವನ್ನು ತೆಗೆದುಕೊಂಡು, ವಾಕ್ಯರಚನೆಯನ್ನು ಬಿಡಿಸಿ, ತನ್ನದೇ ಅರ್ಥವನ್ನು ಕೊಟ್ಟು, ಯಂತ್ರಭಾಷೆಗೆ ಇಳಿಸುತ್ತದೆ.

ಇದರ ಗುಣವನ್ನು ಮರೆಮಾಡುವುದು ನ್ಯಾಯವಲ್ಲ. ಮ್ಯಾಟ್ರಿಕ್ಸ್ ಗುಣಾಕಾರವನ್ನು 25 ಸಾಲುಗಳೊಳಗೆ ಬರೆದು, ನುರಿತವರು ಸಿದ್ಧಪಡಿಸಿದ ಗ್ರಂಥಾಲಯದ ವೇಗವನ್ನು ಸರಿಗಟ್ಟಬಹುದೆಂದು 2021ರ ಪ್ರಕಟಣೆ ತಿಳಿಸಿತು. 2023ರ ಪೈಟಾರ್ಚ್ 2.0 ತನ್ನ ಜಿ.ಪಿ.ಯು. ಕೆಲಸಕ್ಕೆ ಟ್ರೈಟನ್ನನ್ನೇ ಆಶ್ರಯಿಸಿತು.

ಇನ್ನು ಮಿತಿಗಳು. ಇವನ್ನು ಎರಡು ಬಗೆಯಾಗಿ ವಿಂಗಡಿಸುವುದು ಅವಶ್ಯ. ಮೊದಲನೆಯದು ನಿರಾಕರಣೆ. ಪೈಥಾನಿನ ನಿಘಂಟುಗಳು, ದೋಷನಿವಾರಣೆಯ ವಾಕ್ಯಗಳು ಇಲ್ಲಿ ಸಲ್ಲವು. ಸಂಖ್ಯೆಗಳನ್ನು ಗುಂಪುಗುಂಪಾಗಿಯೇ ನಿರ್ವಹಿಸಬೇಕು. ಗುಂಪಿನ ಅಳತೆ ಎರಡರ ಘಾತವಾಗಿರಬೇಕು. 1000 ಸಂಖ್ಯೆಗಳನ್ನು ಒಂದೇ ಗುಂಪಿನಲ್ಲಿ ತುಂಬಬೇಕಾದರೆ 1024 ಸ್ಥಾನಗಳನ್ನು ಹಿಡಿದು, ಉಳಿದ 24ನ್ನು ಮುಸುಕು ಹಾಕಿ ಮರೆಸಬೇಕು. ಇದು ಅನಾನುಕೂಲವೇ ಹೊರತು ಅಪಾಯವಲ್ಲ. ಒಲ್ಲದ್ದನ್ನು ಒಲ್ಲೆನೆಂದು ಬಾಯಿಬಿಟ್ಟು ಹೇಳುವವನಿಂದ ಮೋಸವಿಲ್ಲ.

ಎರಡನೆಯದು ಮೌನವಾದ ಅರ್ಥಾಂತರ. ಕ್ರಿ. ಪೂ. 250, ಅಂದರೆ ಅಶೋಕನ ಆಳ್ವಿಕೆಯ ಕಾಲವನ್ನು, −250 ಎಂದು ಬರೆದು 100ರಿಂದ ಪೂರ್ಣಾಂಕ ಭಾಗಾಕಾರ ಮಾಡಿದರೆ ಪೈಥಾನ್ −3 ಎನ್ನುತ್ತದೆ: ಕ್ರಿ. ಪೂ. 3ನೆಯ ಶತಮಾನ, ಸರಿ. ಇಂಥ ವರ್ಷಗಳ ಪಟ್ಟಿಯನ್ನು ಅದೇ ಚಿಹ್ನೆಯಿಂದ ಟ್ರೈಟನ್ನಿನಲ್ಲಿ ಭಾಗಿಸಿದರೆ ಉತ್ತರ −2. ಪೈಥಾನ್ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಟ್ರೈಟನ್ ಸಿ ಭಾಷೆಯನ್ನು ಅನುಸರಿಸಿ ಸೊನ್ನೆಯ ಕಡೆಗೆ ಸರಿಯುತ್ತದೆ. ಅಶೋಕನು ಒಂದು ಶತಮಾನ ಈಚೆಗೆ ಬಂದನು, ಯಂತ್ರವು ಚಕಾರವೆತ್ತಲಿಲ್ಲ. ಹಾಗೆಯೇ ಪೈಥಾನಿನ ಪೂರ್ಣಾಂಕಕ್ಕೆ ಗಾತ್ರದ ಮೇರೆಯಿಲ್ಲ; ಟ್ರೈಟನ್ನಿನಲ್ಲಿ ಅದು ಸಾಮಾನ್ಯವಾಗಿ 32 ಬಿಟ್ಟುಗಳದು, 2,14,74,83,647ಕ್ಕೆ ನಿಲ್ಲುತ್ತದೆ. 50,000 ಸಾಲು, 50,000 ಅಂಕಣಗಳ ಕೋಷ್ಟಕದಲ್ಲಿ 250 ಕೋಟಿ ಮನೆಗಳು. ಎಚ್ಚರವಿಲ್ಲದೆ ಬರೆದರೆ ಕೊನೆಯ ಮನೆಗಳ ಕ್ರಮಸಂಖ್ಯೆ ಮೇರೆ ಮೀರಿ ಋಣಸಂಖ್ಯೆಯಾಗುತ್ತದೆ.

ಭಾಗಾಕಾರದ ಈ ಭೇದವನ್ನು ಟ್ರೈಟನ್ನಿನ ಕೈಪಿಡಿ ಬಚ್ಚಿಟ್ಟಿಲ್ಲ. ವೇಗಕ್ಕಾಗಿ ಹೀಗೆ ಮಾಡಿದೆಯೆಂದು ಹೇಳಿದೆ. ನಮ್ಮ ಆಕ್ಷೇಪ ವೇಗಕ್ಕಲ್ಲ. ಚಿಹ್ನೆಯನ್ನು ಎರವಲು ತಂದವರು ಅರ್ಥವನ್ನೂ ತರಬೇಕು. ತರಲಾಗದಿದ್ದರೆ ಬೇರೊಂದು ಚಿಹ್ನೆಯನ್ನು ನಿಯಮಿಸಬೇಕು.

ನುರಿತವರಿಗೂ ಈ ಭಾಷೆ ಎಲ್ಲೆಡೆ ಸಾಲದೆಂಬುದನ್ನು ಗಮನಿಸಬೇಕು. ಯಂತ್ರದ ಒಳಸ್ಮೃತಿಯ ಹಂಚಿಕೆಯನ್ನು ಅದು ಬಹುಮಟ್ಟಿಗೆ ಕಂಪೈಲರಿಗೆ ಬಿಡುತ್ತದೆ. ಆ ಹಿಡಿತ ಬೇಕಾದ ಕಡೆ, 2024ರ ಫ್ಲ್ಯಾಶ್‌ಅಟೆನ್ಷನ್-3ರಲ್ಲಿ, ಸಿ++ ಆಧಾರದ ಕಟ್ಲಾಸ್ ಬಳಕೆಯಾಯಿತು. 2025ರಲ್ಲಿ ಟ್ರೈಟನ್ನಿನ ಕರ್ತೃಗಳೇ ಗ್ಲುವಾನ್ ಎಂಬ ಕೆಳಹಂತದ ಭಾಷೆಯನ್ನು ಅದರ ಪಕ್ಕದಲ್ಲಿ ಸೇರಿಸಿದರು.

ಆದುದರಿಂದ ಟ್ರೈಟನ್ನನ್ನು ಪೈಥಾನಿನ ವೇಗದ ರೂಪವೆಂದಲ್ಲ, ಪೈಥಾನಿನ ಲಿಪಿಯಲ್ಲಿ ಬರೆದ ಬೇರೊಂದು ಭಾಷೆಯೆಂದೇ ಬೋಧಿಸಬೇಕೆಂಬುದು ನಮ್ಮ ಅಭಿಪ್ರಾಯ. ಉತ್ತರ ಮೊದಲೇ ತಿಳಿದಿರುವ ಹತ್ತು ಲೆಕ್ಕಗಳನ್ನು, ಅದರಲ್ಲಿಯೂ ಋಣಸಂಖ್ಯೆಗಳನ್ನು, ಎರಡರಲ್ಲಿಯೂ ಮಾಡಿ ತಾಳೆನೋಡಿದ ಬಳಿಕವೇ ವಿದ್ಯಾರ್ಥಿಯು ಫಲಿತಾಂಶವನ್ನು ಪ್ರಬಂಧದಲ್ಲಿ ಸೇರಿಸಲಿ. ಒಂದು ಪ್ರತಿಯನ್ನೇ ನಂಬದೆ ಇನ್ನೊಂದರೊಡನೆ ಹೋಲಿಸುವುದು ನಮಗೆ ಹೊಸ ವಿಧಾನವೇನೂ ಅಲ್ಲ.