ಪತ್ತಾಕು ಮತ್ತು ಮುದ್ರಾಮಣಿ: ಆಭರಣವಿಮರ್ಶೆಯಲ್ಲಿ ಔಚಿತ್ಯ

ಕನ್ನಡದಲ್ಲಿ ಅಲಂಕಾರವೆಂಬ ಒಂದೇ ಮಾತು ಮೈಮೇಲಣ ಒಡವೆಗೂ ಕಾವ್ಯದಲ್ಲಿಯ ಉಕ್ತಿವಿಶೇಷಕ್ಕೂ ಸಲ್ಲುತ್ತದೆ. ಇದು ಆಕಸ್ಮಿಕವಾದ ಸಾಮ್ಯವಲ್ಲ. ಆನಂದವರ್ಧನನು ಧ್ವನಿತತ್ತ್ವವನ್ನು ಪ್ರತಿಪಾದಿಸುವಾಗ, ಗುಣಗಳು ಅಂಗಿಯಾದ ರಸವನ್ನು ಆಶ್ರಯಿಸುವುವೆಂದೂ ಅಲಂಕಾರಗಳು ಕಡಗ ಮೊದಲಾದುವುಗಳಂತೆ ಅಂಗಗಳನ್ನು ಆಶ್ರಯಿಸುವುವೆಂದೂ ವಿಭಾಗಿಸಿದನು. ಅದೇ ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಎರಡನ್ನು ಶಬ್ದಾಲಂಕಾರಕ್ಕೂ ಅರ್ಥಾಲಂಕಾರಕ್ಕೂ ಮೀಸಲಿಟ್ಟಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಇನ್ನೂ ಒಂದು ಹೆಜ್ಜೆ ಮುಂದುವರಿದು, ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರು ನಗೆಗೀಡಾಗುವಂತೆ ಔಚಿತ್ಯವಿಲ್ಲದ ಅಲಂಕಾರವು ಅಲಂಕಾರವೇ ಆಗದೆಂದು ಸಾರಿದನು. ಹೀಗೆ ಮೀಮಾಂಸಕರು ಒಡವೆಯನ್ನು ದೃಷ್ಟಾಂತವಾಗಿ ಹಿಡಿದು ಕಾವ್ಯವನ್ನು ತಿಳಿಸಿದರು. ಕಾವ್ಯವಿಮರ್ಶೆಯ ಅಳತೆಗಳನ್ನು ಹಿಡಿದು ಒಡವೆಯನ್ನು ಓದುವ ಕೆಲಸವಾದರೋ ಕನ್ನಡದಲ್ಲಿ ವಿರಳವಾಗಿಯೇ ನಡೆದಿದೆ.

ಕೊಡಗಿನ ಹಳೆಯ ಚಿನ್ನದ ಒಡವೆಗಳಿಗೆ ಈಗ ಸಂಗ್ರಾಹಕರಲ್ಲಿ ಬೆಲೆ ಏರಿರುವುದರಿಂದ ಈ ಕೆಲಸಕ್ಕೆ ಒಂದು ತ್ವರೆ ಒದಗಿದೆ. ಸಂಗ್ರಾಹಕನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕು: ಚಿನ್ನದ ತೂಕವೆಷ್ಟು, ಹರಳಿನ ಜಾತಿ ಯಾವುದು, ವಯಸ್ಸೆಷ್ಟು, ಇಂಥದು ಇನ್ನೆಲ್ಲಿಯಾದರೂ ಉಂಟೆ. ಈ ನಾಲ್ಕರಲ್ಲಿ ಒಂದೂ ತಪ್ಪು ಪ್ರಶ್ನೆಯಲ್ಲ. ಆದರೆ ಪದ್ಯವೊಂದರ ಅಕ್ಷರಗಳನ್ನೆಣಿಸಿ, ಛಂದಸ್ಸನ್ನು ಗುರುತಿಸಿ, ಕಾಲವನ್ನು ನಿರ್ಣಯಿಸಿ, ಅದರ ಅರ್ಥವನ್ನು ಮಾತ್ರ ಕೇಳದೆ ಪುಸ್ತಕವನ್ನು ಮುಚ್ಚಿದಂತೆ ಇವು ನಡುದಾರಿಯಲ್ಲಿ ನಿಂತುಬಿಡುತ್ತವೆ. ಇವುಗಳ ಬಲವನ್ನೂ ಮಿತಿಯನ್ನೂ ತೂಗಿನೋಡುವುದಕ್ಕೆ, ಈ ಬಗೆಯ ಸಂಗ್ರಹವು ಮೊತ್ತಮೊದಲು ಪ್ರತಿಷ್ಠೆಯ ವಿಷಯವಾದ ನಾಡುಗಳಲ್ಲೊಂದಾದ ಪ್ರಾಚೀನ ರೋಮಿನ ಕಡೆಗೆ ತಿರುಗುವುದು ಉಚಿತವಾಗಿದೆ.

ರೋಮನರ ಕೆತ್ತಿದ ಮಣಿಗಳು ಎರಡು ಬಗೆಯವು. ರೂಪವನ್ನು ಕಲ್ಲಿನೊಳಕ್ಕೆ ತಗ್ಗಾಗಿ ಕೊರೆದುದು ಒಂದು. ಇದೇ ಉಂಗುರದಲ್ಲಿ ಕುಳಿತು ಮೇಣದ ಮೇಲೆ ಮುದ್ರೆಯೊತ್ತುವ ಮುದ್ರಾಮಣಿ. ಕಲ್ಲಿನ ಪದರಗಳ ಬಣ್ಣವನ್ನು ಉಪಯೋಗಿಸಿಕೊಂಡು ರೂಪವನ್ನು ಉಬ್ಬಾಗಿ ಎಬ್ಬಿಸಿದುದು ಇನ್ನೊಂದು. ಮುದ್ರಾಮಣಿಯು ಮೊದಲು ಒಡವೆಯಲ್ಲ, ರುಜು. ಆಗಸ್ಟಸ್ ಚಕ್ರವರ್ತಿಯು ಮೊದಲು ಸ್ಫಿಂಕ್ಸಿನ, ಅನಂತರ ಅಲೆಗ್ಸಾಂಡರನ ತಲೆಯ, ಕಡೆಗೆ ಡಯೋಸ್ಕುರಿಡೀಸನೆಂಬ ಶಿಲ್ಪಿ ಕೊರೆದ ತನ್ನ ತಲೆಯ ಮುದ್ರೆಯಿಂದ ಪತ್ರಗಳನ್ನು ಮುಚ್ಚುತ್ತಿದ್ದನು. ಮುದ್ರೆಯೊತ್ತುವ ಬೆರಳೂ ಒತ್ತಿಸಿಕೊಳ್ಳುವ ಪತ್ರವೂ ಇರುವವರೆಗೆ ಆ ಕಲ್ಲು ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುತ್ತಿತ್ತು.

ಇಂಥ ಮಣಿಗಳು ಬೆರಳಿನಿಂದ ಕಳಚಿ ಪೆಟ್ಟಿಗೆಗೆ ಸೇರಿದ ಕಥೆಯನ್ನು ಪ್ಲಿನಿಯು ತನ್ನ ನಿಸರ್ಗಚರಿತ್ರೆಯ ಮೂವತ್ತೇಳನೆಯ ಭಾಗದಲ್ಲಿ ಹೇಳಿದ್ದಾನೆ. ರೋಮಿನಲ್ಲಿ ಮಣಿಸಂಗ್ರಹವನ್ನು ಮೊದಲು ಇಟ್ಟವನು ಸುಲ್ಲನ ಮಲಮಗನಾದ ಸ್ಕಾರಸ್. ಪಾಂಪೆಯು ಮಿಥ್ರಿಡೇಟಿಸ್ ರಾಜನ ಸಂಗ್ರಹವನ್ನು ಗೆದ್ದು ತಂದು ಕ್ಯಾಪಿಟಲಿನಲ್ಲಿ ಅರ್ಪಿಸಿದನು. ಜೂಲಿಯಸ್ ಸೀಸರನು ವೀನಸ್ ದೇವಿಯ ಆಲಯಕ್ಕೆ ಆರು ಸಂಗ್ರಹಗಳನ್ನು ಕೊಟ್ಟನು. ಇಲ್ಲಿ ಗಮನಿಸತಕ್ಕುದೇನೆಂದರೆ, ರೋಮಿನ ದೊಡ್ಡ ಸಂಗ್ರಹಗಳಲ್ಲಿ ಒಂದು ಸೋತವನ ಒಡವೆಯಿಂದಲೇ ಆದುದು. ಅದೇ ಗ್ರಂಥದಲ್ಲಿ ಪ್ಲಿನಿಯು, ಭಾರತೀಯರು ಸ್ಫಟಿಕಕ್ಕೆ ಬಣ್ಣವೇರಿಸಿ ವೈಡೂರ್ಯಾದಿಗಳ ಹುಸಿರತ್ನಗಳನ್ನು ಮಾಡುವರೆಂದೂ ದೂರಿದ್ದಾನೆ. ಸಂಗ್ರಾಹಕನ ಆಸೆಯೂ ಕೃತಕವಸ್ತುವೂ ಜೊತೆಯಲ್ಲಿಯೇ ಬೆಳೆಯುವುವೆಂಬುದಕ್ಕೆ ಇದೊಂದು ಹಳೆಯ ಸಾಕ್ಷ್ಯ.

ರೋಮಿಗೂ ಈ ಕರಾವಳಿಗೂ ಇದ್ದ ಸಂಬಂಧವು ಊಹೆಯ ವಿಷಯವಲ್ಲ. ಕ್ರಿ. ಶ. ಒಂದನೆಯ ಶತಮಾನದ ಪೆರಿಪ್ಲಸ್ ಗ್ರಂಥವು ಪೈಠಣದಿಂದ ಭರುಕಚ್ಛಕ್ಕೆ ಗೋಮೇದಜಾತಿಯ ಕಲ್ಲುಗಳು ಇಳಿಯುತ್ತಿದ್ದುದನ್ನೂ ಮುಜಿರಿಸ್ ರೇವಿನಿಂದ ಮೆಣಸು, ಮುತ್ತು, ಪಾರದರ್ಶಕ ರತ್ನಗಳು ಹಡಗೇರುತ್ತಿದ್ದುದನ್ನೂ ಹೇಳುತ್ತದೆ. ಕೇರಳದ ಪಟ್ಟಣಂನಲ್ಲಿ ೨೦೦೭ರಿಂದ ನಡೆದ ಉತ್ಖನನಗಳಲ್ಲಿ ಕೆತ್ತಿದ ಮಣಿಗಳು ದೊರೆತಿವೆ. ಕೊಡಗಿನ ಪಶ್ಚಿಮದ ಘಟ್ಟವನ್ನಿಳಿದರೆ ಸಿಕ್ಕುವ ಕಣ್ಣೂರು ಸೀಮೆಯ ಕೊಟ್ಟಯಂನಲ್ಲಿ ೧೮೪೭ರಲ್ಲಿ ನೂರಾರು ರೋಮನ್ ಚಿನ್ನದ ನಾಣ್ಯಗಳು ನೆಲದಿಂದ ಹೊರಬಿದ್ದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳೂ ಈಗಿನ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟಿಯಮ್ಮಿನ ಚಿನ್ನದ ನಾಣ್ಯಗಳೂ ದೊರೆತಿವೆ.

ದಕ್ಷಿಣಭಾರತದಲ್ಲಿ ಸಿಕ್ಕಿದ ಇಂಥ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ, ಚಕ್ರವರ್ತಿಯ ತಲೆಯ ಮೇಲ್ಗಡೆಯಲ್ಲಿ ಎರಡು ತೂತುಗಳಿವೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಮುಖವು ನೆಟ್ಟಗೆ ನಿಲ್ಲಬೇಕೆಂಬುದು ತೂತು ಕೊರೆದವನ ಉದ್ದೇಶ. ಕೆಲವೆಡೆ ನಾಣ್ಯವನ್ನು ನೋಡಿ ಚಿನ್ನದಲ್ಲಿ ಅನುಕರಣವನ್ನು ಮಾಡಿದರು. ಕೊಂಡಾಪುರ, ತೇರ್ ಮುಂತಾದ ಸ್ಥಳಗಳಲ್ಲಿ ಸುಟ್ಟ ಮಣ್ಣಿನಿಂದಲೇ ಪದಕಗಳನ್ನು ಮಾಡಿದರು. ಈ ಅನುಕರಣಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರಿಯ ಗೆರೆಗಳಾಗಿ ಮಾರ್ಪಡುವುದುಂಟು. ನಾಣ್ಯಶಾಸ್ತ್ರಜ್ಞರು ಇದನ್ನು ಅಜ್ಞಾನದ ಫಲವೆಂದು ಬರೆಯುವರು. ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಬೇರೊಂದು ಹೆಸರು ಹೊಳೆಯಬಹುದು. ಪರಭಾಷೆಯ ಪದವು ರೂಪ ಕೆಡದೆ ಬಂದು ಕನ್ನಡದ ವಿಭಕ್ತಿಯನ್ನು ಧರಿಸಿದರೆ ತತ್ಸಮ. ನಾಲಗೆಗೆ ತಕ್ಕಂತೆ ರೂಪವೇ ಬದಲಿದರೆ ತದ್ಭವ. ತೂತು ಬಿದ್ದ ರೋಮನ್ ನಾಣ್ಯವು ತತ್ಸಮದಂತೆ, ಆ ಎರಡು ತೂತುಗಳೇ ಅದರ ವಿಭಕ್ತಿ. ಅಕ್ಷರಗಳು ಗೆರೆಯಾದ ಪದಕವು ತದ್ಭವದಂತೆ. 'ಆಕಾಶ'ವು 'ಆಗಸ'ವಾದುದನ್ನು ಯಾರೂ ಅಜ್ಞಾನವೆನ್ನುವುದಿಲ್ಲ.

ಈ ಪೀಠಿಕೆಯಿಂದ ಕೊಡಗಿನ ಒಡವೆಗಳನ್ನು ನೋಡತಕ್ಕುದು. ಜೋಮಾಲೆಯು ಅರಗು ತುಂಬಿದ ಟೊಳ್ಳು ಚಿನ್ನದ ಗುಂಡುಗಳ ಸರ. ಕೊಕ್ಕೆತಾತಿಯು ಅರ್ಧಚಂದ್ರಾಕಾರದ ಪದಕ. ಕೆಂಪಿನ ಹರಳುಗಳು ಮೈದುಂಬಿ, ಅಂಚಿನಲ್ಲಿ ಸಣ್ಣ ಮುತ್ತುಗಳು ಸಾಲುಗಟ್ಟಿರುತ್ತವೆ. ಪತ್ತಾಕು ಚಿನ್ನದ ನಾಣ್ಯದ ಪದಕ. ನಾಣ್ಯದ ಸುತ್ತ ಕೆಂಪಿನ ಹರಳುಗಳ ಕಟ್ಟು, ಮೇಲೆ ಹೆಡೆಯೆತ್ತಿದ ನಾಗರ. ಕರ್ತಮಣಿಯೊಡನೆ ಸೇರಿದ ಪತ್ತಾಕನ್ನು ಮದುವೆಯಲ್ಲಿ ಮಗಳ ಕೊರಳಿಗೆ ಕಟ್ಟುವವಳು ತಾಯಿ. ವರನಲ್ಲ, ಪುರೋಹಿತನೂ ಅಲ್ಲ. ಗಂಡಸಿನ ಉಡುಗೆಯಲ್ಲಿ ಚೇಲೆಗೆ ಸಿಕ್ಕಿಸಿದ ಪೀಚೆಕತ್ತಿಗೆ ಇದೇ ಬಗೆಯ ಮರ್ಯಾದೆ ಸಲ್ಲುತ್ತದೆ.

ತಕ್ಕಡಿಯ ವಿಮರ್ಶೆಗೆ ಜೋಮಾಲೆಯು ಮೊದಲ ಪರೀಕ್ಷೆಯಲ್ಲಿಯೇ ಸೋಲುತ್ತದೆ. ಒಳಗಿನ ಅರಗನ್ನು ಕಳೆದರೆ ಉಳಿಯುವ ಚಿನ್ನವು ಕಣ್ಣಿಗೆ ಕಂಡಷ್ಟಿಲ್ಲ. ಆದರೆ ತೆಳುವಾದ ತಗಡು ತಗ್ಗಿಹೋಗದಂತೆ ಒಳಗಿನಿಂದ ಆತುಕೊಳ್ಳುವುದು ಆ ಅರಗೇ. ದೊಡ್ಡ ಗುಂಡಿನ ಗಾಂಭೀರ್ಯವನ್ನು ಕೊರಳಿಗೆ ಭಾರವಾಗದಂತೆ ಸಾಧಿಸಿರುವುದು ಅಕ್ಕಸಾಲಿಗನ ಮಿತವ್ಯಯದ ಜಾಣ್ಮೆ. ಅಲ್ಪಪದಗಳಲ್ಲಿ ಮಹಾರ್ಥವನ್ನು ತರುವ ಕವಿಯನ್ನು ಹೊಗಳುವವರು ಇಲ್ಲಿ ಮಾತ್ರ ಕೊರತೆಯನ್ನು ಕಾಣುವುದು ನ್ಯಾಯವಲ್ಲ.

ಪತ್ತಾಕಿನ ಪ್ರಶ್ನೆಯು ಇದಕ್ಕಿಂತ ತೊಡಕಿನದು. ಹಳೆಯ ಪತ್ತಾಕುಗಳಲ್ಲಿ ಹಲವದರ ನಡುವೆ ಇರುವುದು ವಿಕ್ಟೋರಿಯಾ ರಾಣಿಯ ತಲೆಯುಳ್ಳ ಸವರನ್. ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪೆನಿಯು ವಶಪಡಿಸಿಕೊಂಡಿತು. ಅಂಥ ಪ್ರಭುತ್ವದ ಮುದ್ರೆಯು ತಾಯಿಯು ಮಗಳಿಗೆ ಕಟ್ಟುವ ಮಂಗಲವಸ್ತುವಿನ ಗರ್ಭದಲ್ಲಿ ಕುಳಿತಿರುವುದನ್ನು ಕೆಲವರು ದಾಸ್ಯದ ಗುರುತೆನ್ನಬಹುದು. ನಾಣ್ಯವನ್ನು ತೆಗೆದು ಲಕ್ಷ್ಮಿಯನ್ನು ಕೂಡಿಸಿದರೆ ಒಡವೆಯು ಶುದ್ಧವಾಗುವುದೆನ್ನಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಚರಿತ್ರೆಯು ಒಡವೆಯೊಳಗೆ ಬಂದಿದೆ, ಅದೂ ಸೋಲಿನ ಚರಿತ್ರೆ.

ಆದರೂ ಒಡವೆಯನ್ನು ಅದರ ರಚನೆಯಿಂದಲೇ ಓದಿದರೆ ಬೇರೆ ಅರ್ಥವು ಧ್ವನಿಸುತ್ತದೆ. ಈ ರಚನೆಯಲ್ಲಿ ರಾಣಿಯ ತಲೆಯು ಅಂಗ, ಹೆಡೆಯೆತ್ತಿದ ನಾಗನು ಅಂಗಿ. ಸಾಮ್ರಾಜ್ಯದ ನಾಣ್ಯವು ನಾಗನ ಹೆಡೆಯಡಿಯಲ್ಲಿ, ಕೆಂಪಿನ ಕಟ್ಟಿನೊಳಗೆ, ಕರ್ತಮಣಿಯ ಸರದ ತುದಿಯಲ್ಲಿ ನಿಂತ ಮೇಲೆ ಅದು ಅಂಗಡಿಯಲ್ಲಿ ಸಲ್ಲುವ ನಾಣ್ಯವಲ್ಲ. ನಾಣ್ಯದ ಇನ್ನೊಂದು ಮುಖವು ಈ ಅರ್ಥವನ್ನು ಇನ್ನೂ ಗಾಢಗೊಳಿಸುತ್ತದೆ. ೧೮೭೧ರಿಂದ ಮತ್ತೆ ಬಳಕೆಗೆ ಬಂದ ಸವರನ್ನಿನ ಆ ಬದಿಯಲ್ಲಿ, ಕುದುರೆಯೇರಿ ಮಹಾಸರ್ಪರೂಪದ ಡ್ರ್ಯಾಗನ್ನನ್ನು ಕೊಲ್ಲುವ ಸಂತ ಜಾರ್ಜನ ಚಿತ್ರವಿದೆ. ಸರ್ಪವನ್ನು ಕೊಲ್ಲುವ ವೀರನು ಕೊಡಗಿನಲ್ಲಿ ಸರ್ಪದ ಹೆಡೆಯ ನೆರಳಿಗೆ ಬಂದು ಸೇರಿದ್ದಾನೆ. ಮಾಡಿದ ಅಕ್ಕಸಾಲಿಗನು ಇದನ್ನು ಉದ್ದೇಶಿಸಿದನೆಂದು ಹೇಳಬೇಕಾದುದಿಲ್ಲ. ಕವಿಯ ಉದ್ದೇಶವನ್ನು ಮೀರಿ ಕೃತಿಯು ಧ್ವನಿಸುವುದು ಸಹೃದಯರಿಗೆ ಹೊಸದಲ್ಲ.

ಆ ಸಂತ ಜಾರ್ಜನ ಚಿತ್ರವನ್ನು ೧೮೧೭ರ ಸವರನ್ನಿಗಾಗಿ ರೂಪಿಸಿದವನು ರೋಮಿನಲ್ಲಿ ೧೭೮೩ರಲ್ಲಿ ಹುಟ್ಟಿದ ಬೆನೆಡೆಟ್ಟೊ ಪಿಸ್ಟ್ರುಚ್ಚಿ. ಅವನ ಮೂಲವೃತ್ತಿಯೇ ಮಣಿಗಳನ್ನು ಕೆತ್ತುವುದು. ಅವನು ಕೆತ್ತಿದ ಫ್ಲೋರಾ ದೇವಿಯ ಮಣಿಯೊಂದನ್ನು ವ್ಯಾಪಾರಿಯೊಬ್ಬನು ಪ್ರಾಚೀನವೆಂದು ಹೇಳಿ ಇಂಗ್ಲೆಂಡಿನ ಪ್ರಸಿದ್ಧ ಸಂಗ್ರಾಹಕನಾದ ರಿಚರ್ಡ್ ಪೇನ್ ನೈಟನಿಗೆ ಮಾರಿದ್ದನು. ಅದನ್ನು ಕಂಡ ಪಿಸ್ಟ್ರುಚ್ಚಿಯು ತನ್ನದೆಂದು ಹೇಳಿದರೂ ನೈಟನು ಒಪ್ಪಲಿಲ್ಲ. ಅವನ ಸಂಗ್ರಹದೊಡನೆ ಆ ಮಣಿಯು ಬ್ರಿಟಿಷ್ ಮ್ಯೂಜಿಯಮ್ಮನ್ನು ಸೇರಿತು. ಮಾಡಿದವನೇ ಎದುರು ನಿಂತು ಹೇಳಿದರೂ ಕಿವಿಗೊಡದಷ್ಟು ಪ್ರಾಚೀನತೆಯ ವ್ಯಾಮೋಹವು ಬಲವಾದುದು. ರೋಮನ್ ಮಣಿಯ ಪರಂಪರೆಯಲ್ಲಿ ಪಳಗಿದ ಈ ಕೈಯ ಕೆಲಸವು ಕೊಡಗಿನ ಕೊರಳನ್ನು ತಲುಪಿರುವುದರಿಂದ, ಪತ್ತಾಕನ್ನೂ ಮುದ್ರಾಮಣಿಯನ್ನೂ ಒಟ್ಟಿಗೆ ಓದುವುದು ಕೇವಲ ಹೋಲಿಕೆಯ ಚಮತ್ಕಾರವಲ್ಲ.

ಇವೆರಡಕ್ಕೂ ಇರುವ ಮುಖ್ಯಭೇದವನ್ನು ಈಗ ಹೇಳಬಹುದು. ಮುದ್ರಾಮಣಿಯು ತನ್ನ ಬರೆಹವನ್ನು ತನ್ನ ಮೈಯಲ್ಲಿಯೇ ಹೊತ್ತಿದೆ: ದೇವತೆಯ ರೂಪ, ಕೆಲವೊಮ್ಮೆ ಶಿಲ್ಪಿಯ ಹೆಸರು. ಒಡೆಯನು ಮರೆಯಾದರೂ ಅದು ಅಷ್ಟಿಷ್ಟು ಮಾತನಾಡುತ್ತದೆ. ಅದರ ಕಲ್ಲನ್ನು ಕರಗಿಸಲೂ ಬಾರದು. ಕೊಡಗಿನ ಒಡವೆಯ ಬರೆಹವಾದರೋ ಹೊರಗಿದೆ: ಯಾವ ಒಕ್ಕದ್ದು, ಯಾವ ಐನ್‌ಮನೆಯಿಂದ ಬಂದುದು, ಯಾವ ತಾಯಿ ಯಾವ ಮಗಳಿಗೆ ಕಟ್ಟಿದಳು ಎಂಬ ನೆನಪಿನಲ್ಲಿದೆ. ಕೊಡವರ ಮದುವೆಯ ಸಮ್ಮಂದ ಕೊಡುಪ ಎಂಬ ಕರ್ಮದಲ್ಲಿ ಎರಡು ಕಡೆಯ ಅರುವರು ಮಾತು ಕೊಟ್ಟು ಮಾತು ತೆಗೆದುಕೊಳ್ಳುವಾಗ ಸಣ್ಣ ಕಲ್ಲುಗಳೇ ಚಿನ್ನದ ತುಂಡುಗಳಾಗಿ ಸಲ್ಲುತ್ತವೆ. ವಧುವಿಗೆ ಹೊಸ ಒಕ್ಕದಲ್ಲಿ ಹಕ್ಕು ಉಂಟಾಗುವುದು ಆ ಕಲ್ಲಿನ ಬೆಲೆಯಿಂದಲ್ಲ, ಸಾಕ್ಷಿಗಳೆದುರು ಆಡಿದ ಮಾತಿನಿಂದ. ಮಾತಿನಿಂದ ಕಲ್ಲು ಚಿನ್ನವಾಗುವುದಾದರೆ, ಮಾತು ಕಳೆದುಹೋದಾಗ ಚಿನ್ನವು ಕಲ್ಲಿಗೆ ಸಮವಾಗುವುದು. ಹೆಸರಿಲ್ಲದ ಪತ್ತಾಕು ಹೊರವಿಳಾಸ ಹರಿದ ಓಲೆಯಂತೆ. ಮೂಸೆಗೆ ಬಿದ್ದರಂತೂ ಓಲೆಯೂ ಇಲ್ಲ.

ಆದುದರಿಂದ ಸಂಗ್ರಾಹಕನನ್ನು ಹಳಿದು ಸುಮ್ಮನಾಗುವುದು ವಿಮರ್ಶೆಯಾಗದು. ಕಷ್ಟಕಾಲದಲ್ಲಿ ಒಡವೆಯನ್ನು ಮಾರುವ ಮನೆಯವರಿಗೆ ಅಕ್ಕಸಾಲಿಗನ ಮೂಸೆಯೊಂದೇ ದಾರಿಯಾಗಿದ್ದಲ್ಲಿ, ರೂಪವನ್ನು ಉಳಿಸುವ ಸಂಗ್ರಾಹಕನು ಉಪಕಾರಿಯೇ ಸರಿ. ರೋಮಿನ ಮಣಿಗಳಲ್ಲಿ ಹಲವು ಉಳಿದುದು ಅರಸರ, ಚರ್ಚುಗಳ, ಸಂಗ್ರಾಹಕರ ಪೆಟ್ಟಿಗೆಗಳಿಂದ. ಆಕ್ಷೇಪಿಸತಕ್ಕುದು ಮೂಲವನ್ನು ಕೇಳದೆ ಕೊಳ್ಳುವುದನ್ನು, ಬೆಳ್ಳಿಗೆ ಚಿನ್ನದ ನೀರೆರೆದ ಹೊಸ ಕೊಕ್ಕೆತಾತಿಯನ್ನು ಪುರಾತನವೆಂದು ಮಾರುವುದನ್ನು. ಹೊಸ ಕೊಕ್ಕೆತಾತಿಯನ್ನು ಹೊಸದೆಂದೇ ತೊಡುವುದರಲ್ಲಿ ದೋಷವಿಲ್ಲ. ಪದ್ಧತಿಯು ಬದುಕಿರುವುದಕ್ಕೆ ಅದೇ ಗುರುತು. ನೂರು ವರ್ಷಕ್ಕೆ ಮೀರಿದ ಇಂಥ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು ೧೯೭೨ರ ಪುರಾತನ ವಸ್ತುಗಳ ಶಾಸನವು ನಿಷೇಧಿಸಿದೆ. ಆದರೆ ವಸ್ತುವನ್ನು ತಡೆಯುವ ಶಾಸನವು ಅದರ ಕಥೆಯನ್ನು ಕಾಯಲಾರದು.

ಕಥೆಯನ್ನು ಕಾಯುವ ಮಾದರಿಯು ಕೊಡಗಿನಲ್ಲಿಯೇ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ೧೯೨೪ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯು ಕೊಡವರ ಹಾಡುಗಳನ್ನು ಬರಿಯ ಪಾಠವಾಗಿ ಕೊಡದೆ ಪದ್ಧತಿಗಳೊಡನೆ, ಸಂದರ್ಭಗಳೊಡನೆ ಕೊಟ್ಟಿತು. ಹಾಡನ್ನು ಹಾಡುವವರಿಂದ ಕಿತ್ತು ತರದೆ ಅವರ ಬಾಳಿನೊಡನೆ ತಂದುದೇ ಆ ಗ್ರಂಥದ ಹಿರಿಮೆ. ಒಡವೆಗಳ ವಿಷಯದಲ್ಲಿಯೂ ಅಂಥ ಒಂದು ಪಟ್ಟೋಲೆ ಅಗತ್ಯ. ಪ್ರತಿಯೊಂದು ವಸ್ತುವಿನ ತೂಕ, ಹರಳು, ಕಾಲಗಳ ಮುಂದೆ ಅದರ ಕೊಡವ ಹೆಸರು, ತೊಡುವ ಸ್ಥಾನ, ಕಟ್ಟುವವರು ಯಾರು, ಕಟ್ಟುವ ಸಂದರ್ಭವೇನು, ಎಷ್ಟು ತಲೆಮಾರುಗಳ ನೆನಪಿದೆ ಎಂಬುದೂ ಒಕ್ಕದವರ ಒಪ್ಪಿಗೆಯಿಂದ ಲಿಖಿತವಾಗಬೇಕು. ಮಾರುವ ಮನೆಯವರು ಒಡವೆಯೊಡನೆ ಈ ಲಿಖಿತವನ್ನೂ ಕೊಡಬೇಕು. ಕೊಳ್ಳುವವನು ಅದನ್ನು ಕೇಳಿ ಪಡೆಯಬೇಕು.

ಕ್ಷೇಮೇಂದ್ರನ ಮಾತಿನ ಸಾರವು ಸ್ಥಾನವನ್ನು ಕುರಿತದ್ದು. ಕೊರಳಿನ ಒಡವೆಯು ಸೊಂಟಕ್ಕೆ ಸೇರಿದರೆ ನಗೆಪಾಟಲು. ಗಾಜಿನ ಪೆಟ್ಟಿಗೆಗೆ ಸೇರಿದರೆ ಮೌನ. ಆ ಮೌನವನ್ನು ಮುರಿಯುವ ಶಕ್ತಿಯು ಕೊಡಗಿನ ಮನೆಗಳ ಹಿರಿಯರ ನಾಲಗೆಯಲ್ಲಿ ಇನ್ನೂ ಇದೆ. ಅದನ್ನು ಕೇಳಿ ಬರೆದುಕೊಳ್ಳುವುದು ಚಿನ್ನದ ಬೆಲೆಗೆ ಕಾಯದ ಕೆಲಸ.