ಜಾವಾಕ್ಕೆ ಹೋದ ನಮ್ಮ ಸಿಪಾಯಿಗಳು

ಟಿಪ್ಪು ಸುಲ್ತಾನನ ಗ್ರಂಥಾಲಯದ ಮಾತು ಬಂದಾಗಲೆಲ್ಲ ನಮ್ಮ ದನಿ ಏರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಮಾರು ಎರಡು ಸಾವಿರ ಹಸ್ತಪ್ರತಿಗಳು ಕಂಪೆನಿಯ ವಶವಾದವು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅವುಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ಇದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಹದಿಮೂರು ವರ್ಷಗಳ ನಂತರ ಇನ್ನೊಬ್ಬ ಮುಸ್ಲಿಂ ಸುಲ್ತಾನನ ಅರಮನೆಯೂ ಹೀಗೆಯೇ ಬರಿದಾಯಿತು, ಅದನ್ನು ಬರಿದು ಮಾಡಿದ ಪಡೆಯಲ್ಲಿ ಹಿಂದೂಸ್ತಾನದ ಸಿಪಾಯಿಗಳಿದ್ದರು ಎಂಬುದು ನಮ್ಮ ಯಾವ ಭಾಷಣದಲ್ಲೂ ಬರುವುದಿಲ್ಲ.

ಆ ಅರಮನೆ ಇದ್ದದ್ದು ಜಾವಾ ದ್ವೀಪದ ಯೋಗ್ಯಕರ್ತಾದಲ್ಲಿ. ನೆಪೋಲಿಯನ್ 1810ರಲ್ಲಿ ಹಾಲೆಂಡನ್ನು ಫ್ರಾನ್ಸಿಗೆ ಸೇರಿಸಿಕೊಂಡದ್ದರಿಂದ ಡಚ್ಚರ ವಸಾಹತಾಗಿದ್ದ ಜಾವಾ ಇಂಗ್ಲಿಷರ ಪಾಲಿಗೆ ಶತ್ರುವಿನ ನೆಲವಾಯಿತು. 1811ರಲ್ಲಿ ಗವರ್ನರ್ ಜನರಲ್ ಲಾರ್ಡ್ ಮಿಂಟೊ ಸ್ವತಃ ಹೊರಟ. ಮಲಾಕ್ಕಾದಲ್ಲಿ ಜಮಾಯಿಸಿದ ಸುಮಾರು ನೂರು ಹಡಗುಗಳಲ್ಲಿ ಹನ್ನೆರಡು ಸಾವಿರದಷ್ಟು ದಂಡಿತ್ತು. ಅದರಲ್ಲಿ ಅರ್ಧದಷ್ಟು ಮಂದಿ ಭಾರತೀಯರು, ಹೆಚ್ಚಿನವರು ಬಂಗಾಳ ಸೈನ್ಯದವರು. ಆಗಸ್ಟ್ 4ರಂದು ಬಟಾವಿಯಾದ ಪೂರ್ವಕ್ಕಿರುವ ಚಿಲಿಂಚಿಂಗ್ ಎಂಬ ಹಳ್ಳಿಯ ದಂಡೆಯಲ್ಲಿ ಇಳಿದರು; ತಡೆಯುವವರಿರಲಿಲ್ಲ. ಆಗಸ್ಟ್ 26ರಂದು ಕಾರ್ನೆಲಿಸ್ ಕೋಟೆ ಬಿತ್ತು. ಸೆಪ್ಟೆಂಬರ್ 18ಕ್ಕೆ ಗವರ್ನರ್ ಯಾನ್ಸೆನ್ಸ್ ಶರಣಾದ. ಈತ 1806ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಸಾಹತನ್ನೂ ಇಂಗ್ಲಿಷರಿಗೇ ಒಪ್ಪಿಸಿ ಬಂದವನು. ಪಾಪ, ಸೋಲುವುದಕ್ಕೇ ನೇಮಕವಾದವನಂತೆ ಕಾಣುತ್ತಾನೆ.

ಈ ಯುದ್ಧದ ಬಗ್ಗೆ ನಮಗೆ ಓದಲು ಸಿಗುವ ಮೊದಲ ಪುಸ್ತಕ ದಂಡಿನಲ್ಲೇ ಇದ್ದ ಮೇಜರ್ ವಿಲಿಯಂ ಥಾರ್ನ್ ಬರೆದ ಜಾವಾ ವಿಜಯದ ನೆನಪುಗಳು, 1815ರದ್ದು. ನಕ್ಷೆ ಇದೆ, ಹಡಗುಗಳ ಲೆಕ್ಕವಿದೆ, ಯಾವ ತುಕಡಿ ಎಲ್ಲಿಂದ ನುಗ್ಗಿತೆಂಬ ವಿವರವಿದೆ. ಸತ್ತ ಬಿಳಿಯ ಅಧಿಕಾರಿಗೆ ಹೆಸರಿದೆ. ಸತ್ತ ಸಿಪಾಯಿ ಒಂದು ಸಂಖ್ಯೆ. ಇಂಥ ಪುಸ್ತಕದಲ್ಲಿ ಇದು ನಿರೀಕ್ಷಿತವೇ, ಇದರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಎರಡನೆಯದು, ಮಲಾಕ್ಕಾದ ಮುನ್ಶಿ ಅಬ್ದುಲ್ಲಾನ ಆತ್ಮಕಥೆ 'ಹಿಕಾಯತ್ ಅಬ್ದುಲ್ಲಾ'. ಅಬ್ದುಲ್ಲಾ ಯೆಮೆನಿ ಮತ್ತು ತಮಿಳು ರಕ್ತದವನು, ಮಲಯ ಭಾಷೆಯ ಲೇಖಕ. ಹಿಂದೂಸ್ತಾನಿಯನ್ನು ಕಲಿತದ್ದು ಮಲಾಕ್ಕಾದ ಕೋಟೆಯ ಸಿಪಾಯಿಗಳಿಂದ. ಹಡಗುಗಳು ಜಮಾಯಿಸಿದಾಗ ಅವನಿನ್ನೂ ಹುಡುಗ, ರಾಫಲ್ಸನ ಕಚೇರಿಯಲ್ಲಿ ನಕಲು ಬರೆಯುತ್ತಿದ್ದ. ಮಿಂಟೊ ಎಂದರೆ ಎತ್ತರದ, ಠೀವಿಯ ಮನುಷ್ಯನೆಂದುಕೊಂಡಿದ್ದವನ ಎದುರು ಕಂಡದ್ದು ಮೃದು ಮಾತಿನ, ಸಾದಾ ಉಡುಪಿನ ವೃದ್ಧ. ಆ ವೃದ್ಧ ಮಲಾಕ್ಕಾದಲ್ಲಿ ಡಚ್ಚರ ಚಿತ್ರಹಿಂಸೆಯ ಸಲಕರಣೆಗಳನ್ನು ಸುಡಿಸಿದ್ದನ್ನು ಅಬ್ದುಲ್ಲಾ ಕೃತಜ್ಞತೆಯಿಂದ ಬರೆಯುತ್ತಾನೆ. ಅವನನ್ನು ಇಂಗ್ಲಿಷರ ಭಟ್ಟಂಗಿ ಎಂದು ಪಕ್ಕಕ್ಕೆ ಸರಿಸಿದ ವಿಮರ್ಶಕರಿದ್ದಾರೆ. ನಾವು ಒಪ್ಪುವುದಿಲ್ಲ. ಸರಪಳಿ ಕಳಚಿದವನನ್ನು ಹೊಗಳುವುದು ಭಟ್ಟಂಗಿತನವಲ್ಲ. ಆದರೆ ಆ ಹಡಗುಗಳು ಜಾವಾ ಮುಟ್ಟಿದ ಮೇಲೆ ಏನಾಯಿತು? ಅಬ್ದುಲ್ಲಾ ದಂಡೆಯ ಮೇಲೆ ನಿಂತವನು, ಅವನ ಕಣ್ಣು ಅಷ್ಟು ದೂರ ಹೋಗುವುದಿಲ್ಲ.

ಅದನ್ನು ನೋಡಿದವನು ಪಂಗೇರಾನ್ ಆರ್ಯ ಪಾನುಲಾರ್. ಯೋಗ್ಯಕರ್ತಾದ ಎರಡನೆಯ ಸುಲ್ತಾನ ಹಮೆಂಕುಬುವೊನೊನ ಮಲಸಹೋದರ. ಜಾವಾ ಭಾಷೆಯ ಪದ್ಯದಲ್ಲಿ ದಿನಚರಿಯಂತೆ ಬರೆದ ಅವನ ಬಬದ್, ಅಂದರೆ ಚರಿತ್ರೆ, 1812ರ ಜೂನ್ 20ರಂದು ಅರಮನೆ ಬಿದ್ದದ್ದನ್ನು ಒಳಗಿನಿಂದ ಹೇಳುತ್ತದೆ. ಪೀಟರ್ ಕೇರಿ 1992ರಲ್ಲಿ ಅದನ್ನು ಸಂಪಾದಿಸಿ ಇಂಗ್ಲಿಷ್ ಓದುಗರಿಗೆ ತೆರೆದರು. ನಾವು ಓದಿದ್ದೂ ಅದರ ಮೂಲಕವೇ. ದಾಳಿಯ ನಾಯಕ ಗಿಲೆಸ್ಪಿ, 1806ರಲ್ಲಿ ವೆಲ್ಲೂರಿನ ದಂಗೆಯನ್ನು ರಕ್ತದಲ್ಲಿ ಅದ್ದಿದ ಅದೇ ಗಿಲೆಸ್ಪಿ. ವೆಲ್ಲೂರಿನಲ್ಲಿ ಅವನ ವಿರುದ್ಧ ನಿಂತವರು ಸಿಪಾಯಿಗಳು. ಇಲ್ಲಿ ಅವನ ಹಿಂದೆ ಬಂದವರೂ ಸಿಪಾಯಿಗಳೇ. ಲೂಟಿ ನಾಲ್ಕು ದಿನ ನಡೆಯಿತು. ರಾಜಕುಮಾರರ ಕಠಾರಿಗಳು ಹೋದವು. ಎತ್ತಿನ ಗಾಡಿಗಳ ಮೇಲೆ, ಕೂಲಿಗಳ ಹೆಗಲ ಮೇಲೆ ಸಾಮಾನು ರೆಸಿಡೆನ್ಸಿಗೆ ಸಾಗಿತು. ಸುಲ್ತಾನನನ್ನು ಪೆನಾಂಗಿಗೆ ಗಡೀಪಾರು ಮಾಡಿದರು. ಪಾನುಲಾರ್ ತನ್ನ ಕಡೆಯವರ ಹೇಡಿತನವನ್ನೂ ಮುಚ್ಚಿಡುವುದಿಲ್ಲ, ಶತ್ರುವಿನ ಶೌರ್ಯವನ್ನೂ ಅಲ್ಲಗಳೆಯುವುದಿಲ್ಲ. ಅದಕ್ಕೇ ಅವನ ದುಃಖವನ್ನು ನಂಬಬೇಕಾಗುತ್ತದೆ. ಅವನ ಪುಟಗಳಲ್ಲಿ ಸಿಪಾಯಿ ಬರುವುದು ಹೊರಗಿನಿಂದ ನುಗ್ಗಿದ ಕೈಯಾಗಿ. ಆ ಕೈ ನಮ್ಮದು ಎಂದು ಒಪ್ಪಿಕೊಳ್ಳಲು ನಮಗೆ ಒಂದೆರಡು ದಿನ ಹಿಡಿಯಿತು.

ಆ ಸಿಪಾಯಿಗಳು ತಾವೇ ಏನಾದರೂ ಬರೆದಿದ್ದರೆ! ನಮ್ಮ ಕೈಗೆ ಅಂಥದ್ದು ಬಂದಿಲ್ಲ. ಅವರ ದನಿ ಅಸ್ಪಷ್ಟವಾಗಿ ಕೇಳುವುದು 1815ರಲ್ಲಿ. ದ್ವೀಪವನ್ನು ಡಚ್ಚರಿಗೆ ಮರಳಿಸುತ್ತಾರೆ, ತಮ್ಮನ್ನೂ ಅವರಿಗೇ ಒಪ್ಪಿಸಿಬಿಡುತ್ತಾರೆ, ಊರಿಗೆ ಹೋಗಲಾಗುವುದಿಲ್ಲ ಎಂಬ ಭಯ ಹರಡಿ, ಮಧ್ಯ ಜಾವಾದ ಬಂಗಾಳಿ ಸಿಪಾಯಿಗಳು ಸುರಕರ್ತಾದ ಅರಸನ ಜೊತೆ ಸೇರಿ ಪಿತೂರಿ ಹೂಡಿದರು. ಅದು ಬಯಲಾಯಿತು. ಕೆಲವರಿಗೆ ಗುಂಡಿಕ್ಕಿದರು, ಉಳಿದವರನ್ನು ಸಂಕೋಲೆ ತೊಡಿಸಿ ಬಂಗಾಳಕ್ಕೆ ಕಳಿಸಿದರು. ಅರಮನೆ ದೋಚಿದ ಪಡೆಯಲ್ಲಿದ್ದವರು ಮೂರು ವರ್ಷಕ್ಕೆ ಇನ್ನೊಂದು ಅರಮನೆಯ ಬಾಗಿಲು ತಟ್ಟಿದ ಈ ಕಥೆಯನ್ನು ಯಾವ ಕಥೆಗಾರನೂ ಕಲ್ಪಿಸಲಾರ.

ಇನ್ನು ಪುಸ್ತಕಗಳು. ಯೋಗ್ಯಕರ್ತಾದ ಹಸ್ತಪ್ರತಿಗಳು ರಾಫಲ್ಸ್, ಕ್ರಾಫರ್ಡ್, ಮೆಕೆಂಝಿ ಈ ಮೂವರ ಪಾಲಾದವು. ಮೆಕೆಂಝಿ ಎಂದರೆ ನಮ್ಮ ಕಾಲಿನ್ ಮೆಕೆಂಝಿಯೇ. ಮೈಸೂರು ಸೀಮೆಯನ್ನು ಅಳೆದವನು, ಕನ್ನಡದ ಶಾಸನ, ಕೈಫಿಯತ್ತುಗಳನ್ನು ಕೂಡಿಸಿದವನು, ನಮ್ಮ ಇತಿಹಾಸಕಾರರು ಇವತ್ತಿಗೂ ಋಣದಿಂದ ನೆನೆಯುವವನು. ಆ ಋಣ ಸುಳ್ಳಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದವನು 1812ರಲ್ಲಿ ಯೋಗ್ಯಕರ್ತಾದಲ್ಲೂ ಇದ್ದ. ಉಳಿಸಿದವನೂ ಅವನೇ, ಒಯ್ದವನೂ ಅವನೇ.

ಒಯ್ದದ್ದೆಲ್ಲ ಉಳಿಯಿತೆಂದೂ ಅಲ್ಲ. ರಾಫಲ್ಸ್ ಕೂಡಿಸಿದ್ದ ಮಲಯ ಹಸ್ತಪ್ರತಿಗಳ ರಾಶಿ 1824ರಲ್ಲಿ 'ಫೇಮ್' ಹಡಗಿನೊಂದಿಗೆ ಸುಟ್ಟುಹೋಯಿತು. ಅವುಗಳಿಗೆ ನಕಲೂ ಉಳಿಯಲಿಲ್ಲವೆಂದು ಅಬ್ದುಲ್ಲಾ ಮರುಗುವ ಪುಟ ಅವನ ಪುಸ್ತಕದಲ್ಲೇ ಅತ್ಯಂತ ದುಃಖದ್ದು.

ಯೋಗ್ಯಕರ್ತಾದ್ದೆಂದು ಗುರುತಿಸಿದ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳನ್ನು ಬ್ರಿಟಿಷ್ ಲೈಬ್ರರಿ 2019ರ ಮಾರ್ಚಿನಲ್ಲಿ ಈಗಿನ ಸುಲ್ತಾನರಿಗೆ ಒಪ್ಪಿಸಿತು. ಚಿತ್ರಗಳು ಮನೆಗೆ ಹೋದವು, ಕಾಗದ ಲಂಡನ್ನಿನಲ್ಲೇ ಇದೆ. ಪಾನುಲಾರನ ಬಬದ್ ಕೂಡ ಅಲ್ಲೇ ಇದೆ, ಅರಮನೆ ಬಿದ್ದಾಗ ಯೋಗ್ಯಕರ್ತಾದ ರೆಸಿಡೆಂಟನಾಗಿದ್ದ ಕ್ರಾಫರ್ಡನ ಸಂಗ್ರಹದಲ್ಲಿ.